ಗಲ್ಫ್ ಡೈರಿ 9: ಬೊಂಬೆ ಎಲ್ಲಿದೆ?

ಊರಿನ ನರ್ಸಿಂಗ್ ಹುಡುಗಿಯರದ್ದು ಒಂದೇ ಮೆಸೇಜು: "ಅಕ್ಕಾ, ಬಿಎಲ್‌ಎಸ್ ಸರ್ಟಿಫಿಕೇಟ್ ಪೂರ್ತಿ ಆನ್‌ಲೈನಲ್ಲೇ ಕೊಡ್ತಾರಂತೆ, ಮಾಡ್ಲಾ?" ಬೇಡ. ದುಡ್ಡು ದಂಡ.

ಬಿಎಲ್‌ಎಸ್ ಅಂದ್ರೆ ಹೃದಯ ನಿಂತವರನ್ನ ಉಳಿಸೋ ಮೊದಲ ಪಾಠ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಹಾರ್ಟ್‌ಕೋಡ್ ಕೋರ್ಸಲ್ಲಿ ಆನ್‌ಲೈನ್ ಭಾಗ ಮುಗಿಸಿದ್ರೆ ಅರ್ಧ ಅಷ್ಟೇ. ಆಮೇಲೆ ಹೋಗಿ ಬೊಂಬೆಯ ಎದೆ ಒತ್ತಿ ತೋರಿಸ್ಬೇಕು, ಆಗ 2 ವರ್ಷದ ಕಾರ್ಡು. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂ.ಮೀ. ಆಳ, 6 ದಾಟಬಾರದು, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರ್ಬೇಕು. 2 ನಿಮಿಷಕ್ಕೇ ತೋಳು ಸೋಲುತ್ತೆ, ಅದಕ್ಕೇ ಅಷ್ಟರಲ್ಲಿ ಒತ್ತೋರು ಬದಲಾಗ್ಬೇಕು. ಇದನ್ನೆಲ್ಲ ನಿಮ್ಮ ಮೊಬೈಲು ಹೇಗೆ ನೋಡುತ್ತೆ?

ಆನ್‌ಲೈನ್ ಕಲಿಕೆಯನ್ನೇ ಬೈತಿಲ್ಲ. ಮದೀನತ್ ಜಾಯೆದ್‌ನಂಥ ಮರುಭೂಮಿ ಊರಿಂದ ನೈಟ್ ಡ್ಯೂಟಿ ಮುಗಿಸಿ ಪ್ರತಿ ಕ್ಲಾಸಿಗೂ ಅಬುಧಾಬಿಗೆ ಓಡೋಕಾಗುತ್ತಾ? ಪಾಠ ರೂಮಿಗೇ ಬರೋದು ದೊಡ್ಡ ಉಪಕಾರ. ಸಿಟ್ಟು ಬರೋದು ವಿಡಿಯೋ ಓಡಿಸಿಟ್ಟು ಅನ್ನಕ್ಕಿಡೋರ ಮೇಲೆ, ವಾಟ್ಸಾಪಲ್ಲಿ ಉತ್ತರ ಹಂಚೋರ ಮೇಲೆ. "ಎಲ್ರೂ ಹಾಗೇ ಮಾಡ್ತಾರೆ" ಅಂತೀರಿ. ನಿಮ್ಮ ಅಪ್ಪ ವಾರ್ಡಲ್ಲಿ ಕುಸಿದು ಬಿದ್ದಾಗ ಆ 'ಎಲ್ರೂ' ಓಡಿ ಬಂದ್ರೆ ಸಾಕಾ?

ಪುರುಸೊತ್ತಿಲ್ಲ ಅನ್ನೋದು ನಿಜ, ಒಪ್ಪಿದೆ. ದಿನಕ್ಕೆ ಇಪ್ಪತ್ತೇ ನಿಮಿಷ ಕೂತ್ಕೊಳ್ಳಿ. ಉತ್ತರ ತಪ್ಪಾದ್ರೆ ಯಾಕೆ ತಪ್ಪು ಅಂತ ಹುಡುಕಿ ಬರ್ಕೊಳ್ಳಿ.

ದುಡ್ಡು ಕಟ್ಟೋ ಮುಂಚೆ ಕೇಳಿ: ಬೊಂಬೆ ಎಲ್ಲಿದೆ, ನಾನು ಯಾವತ್ತು ಬರ್ಬೇಕು? ತಡವರಿಸಿದ್ರೆ ಫೋನ್ ಇಡಿ.