ಆರು ವೋಲ್ಟೋ, ಹನ್ನೆರಡು ವೋಲ್ಟೋ?

ಕಳೆದ ತಿಂಗಳು ನಾವು ಹೂಡೆಯ ಕಡಲಂಚಿನ ಭಕ್ತರೊಬ್ಬರ ಮನೆಗೆ ಹೋದಾಗ ಅಲ್ಲಿ ತಂದೆಮಕ್ಕಳೊಳಗೆ ಒಂದು ವಿವಾದವೆದ್ದಿತ್ತು. ಅಜ್ಜನ ಕಾಲದ ಫೋರ್ಡ್ ಮಾಡೆಲ್ ಎ ಕಾರು ಸ್ಟಾರ್ಟರಿಗೆ ಓಗೊಡುತ್ತಿರಲಿಲ್ಲ. ಅದರ ೬ ವೋಲ್ಟಿನ ವ್ಯವಸ್ಥೆಯನ್ನು ಕಿತ್ತು ೧೨ ವೋಲ್ಟಿನದನ್ನು ಹಾಕಿಸೋಣವೆಂದು ಮಗ. ಮೂಲರೂಪ ಕೆಡಬಾರದೆಂದು ತಂದೆ. ಈ ನಡುವೆ ಹ್ಯಾಂಡಲ್ ತಿರುಗಿಸಹೋದ ತಂದೆಯವರು ಅದು ಹಿಮ್ಮುಖವಾಗಿ ಒದೆದು ಮಣಿಕಟ್ಟು ಮುರಿದುಕೊಂಡಿದ್ದರು. “ಶಾಸ್ತ್ರಿಗಳೇ, ತಾವೇ ನ್ಯಾಯ ಹೇಳಬೇಕು” ಎಂದರು. ಗ್ರಂಥಗಳನ್ನೋದಿದ ನಮಗೆ ಯಂತ್ರದ ಗೊಡವೆ ಏಕೆ ಎಂದು ವಾಚಕರು ನಗಬಹುದು. ಆದರೆ ಕೈ ಮುರಿದ ಮನೆಯಲ್ಲಿ ಮೌನ ಸಲ್ಲದು.

ಇಂಥ ಕೈಮುರಿತದ ಭಯವೇ ವಿದ್ಯುತ್ ಸ್ಟಾರ್ಟರಿಗೆ ಬೇಡಿಕೆ ಹುಟ್ಟಿಸಿತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸ್ಟಾರ್ಟರು ೧೯೧೨ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು. ಅದು ಎಂಜಿನ್ ತಿರುಗಿಸಲು ೨೪ ವೋಲ್ಟು, ದೀಪಗಳಿಗೆ ೬ ವೋಲ್ಟು ಬಳಸುತ್ತಿತ್ತು. ೧೯೧೪ರಲ್ಲಿ ಡಾಜ್ ೧೨ ವೋಲ್ಟನ್ನು ಆರಿಸಿತು. ಫೋರ್ಡಿನ ಮಾಡೆಲ್ ಟಿಗೆ ೧೯೧೯ರಲ್ಲಿ ಬಂದ ಸ್ಟಾರ್ಟರು ೬ ವೋಲ್ಟಿನದು. ಅಮೆರಿಕದ ಹೆಚ್ಚಿನ ಕಾರುಗಳು ೧೯೫೦ರ ದಶಕದ ನಡುವಿನವರೆಗೂ ಆರರಲ್ಲೇ ನಿಂತವು. ಎಂಜಿನ್ ದೊಡ್ಡದಾಗಿ, ಅದರೊಳಗಿನ ಒತ್ತಡ ಹೆಚ್ಚಿದ ಮೇಲೆ ಹನ್ನೆರಡಕ್ಕೆ ತಿರುಗಿದವು.

ಕಾರಣ ಸರಳ. ೬೦೦ ವ್ಯಾಟಿನ ಕೆಲಸಕ್ಕೆ ೬ ವೋಲ್ಟಿನಲ್ಲಿ ೧೦೦ ಆಂಪಿಯರ್ ಹರಿಯಬೇಕು; ೧೨ರಲ್ಲಿ ೫೦ ಸಾಕು. ದಾರಿಯಲ್ಲಿ ಓಮಿನ ನೂರನೆಯ ಒಂದು ಭಾಗದಷ್ಟು ತಡೆಯಿದ್ದರೆ ಮೊದಲನೆಯದರಲ್ಲಿ ೧ ವೋಲ್ಟು, ಅಂದರೆ ಆರರಲ್ಲೊಂದು ಪಾಲು, ನಷ್ಟ. ಎರಡನೆಯದರಲ್ಲಿ ಅರ್ಧ ವೋಲ್ಟು, ಇಪ್ಪತ್ತನಾಲ್ಕರಲ್ಲೊಂದು ಪಾಲು ಮಾತ್ರ. ಹೂಡೆಯ ಉಪ್ಪುಗಾಳಿಗೆ ಕಿಲುಬು ಹಿಡಿದ ಒಂದು ಕೀಲು ಈ ತಡೆಯನ್ನು ಒಡ್ಡಲು ಸಾಕು.

ನಾವು ಬಲ್ಲವರೊಬ್ಬ ಎಲೆಕ್ಟ್ರಿಷಿಯನ್ನರನ್ನು ಕರೆಸಿದೆವು. ಯಾರೋ ಹಿಂದೊಮ್ಮೆ ೧೨ ವೋಲ್ಟಿನ ಕಾರಿನ ಸಣ್ಣ ಕೇಬಲನ್ನೇ ಇದಕ್ಕೆ ಕಟ್ಟಿದ್ದರು. ಚಾಸಿಗೆ ಸೇರುವ ಅರ್ತ್ ಪಟ್ಟಿ ತುಕ್ಕಿನಲ್ಲಿ ಮುಳುಗಿತ್ತು. ದಪ್ಪ ಕೇಬಲ್ ಹಾಕಿ, ಕೀಲುಗಳನ್ನು ಹೊಳೆಯುವಂತೆ ಉಜ್ಜಿ, ಗ್ರೀಸು ಸವರಿ, ಸ್ಟಾರ್ಟರಿನ ಸವೆದ ಬ್ರಷ್ಷುಗಳನ್ನು ಬದಲಿಸಿದಾಗ ಎಂಜಿನ್ ಎದ್ದಿತು.

ಹನ್ನೆರಡಕ್ಕೆ ಹೋಗಲೇಬೇಕೆನ್ನುವವರು ಬ್ಯಾಟರಿಯೊಂದನ್ನೇ ಬದಲಿಸಿದರೆ ಸಾಲದು. ಬಲ್ಬು, ಕಾಯಿಲ್, ಮಾಪಕ, ಡೈನಮೋ ಎಲ್ಲವನ್ನೂ ನೋಡಿಕೊಳ್ಳಬೇಕು. ಹಳೆಯ ಸ್ಟಾರ್ಟರು ಸ್ವಲ್ಪಕಾಲ ತಾಳಬಹುದು. ಆದರೆ ಅದರ ಹಲ್ಲುಗಳಿಗೆ ಬೀಳುವ ಪೆಟ್ಟು ಜೋರಾಗುತ್ತದೆ. ಈ ಫೋರ್ಡಿನಲ್ಲಿ ಧನಧ್ರುವವೇ ಅರ್ತ್ ಎಂಬುದನ್ನೂ ಮರೆಯಬಾರದು.

ಹ್ಯಾಂಡಲ್ ಹಿಡಿಯುವ ಪ್ರಸಂಗ ಬಂದರೆ ಗೇರು ನ್ಯೂಟ್ರಲಿನಲ್ಲಿರಲಿ, ಸ್ಪಾರ್ಕಿನ ಸನ್ನೆಯನ್ನು ಪೂರ್ತಿ ಹಿಂದಕ್ಕಿಡಿ. ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಒಂದು ಮಗ್ಗುಲಲ್ಲಿರಲಿ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಮೇಲಿನಿಂದ ಕೆಳಕ್ಕೆ ಒತ್ತಬೇಡಿ. ತಂದೆಯವರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಕಾರು ಈಗ ಆರು ವೋಲ್ಟಿನಲ್ಲೇ ಓಡುತ್ತಿದೆ. ತಿಂಗಳಿಗೊಮ್ಮೆ ಕೀಲುಗಳ ಕಿಲುಬು ಒರೆಸುವ ಹೊಣೆಯನ್ನು ಮಗನೇ ಹೊತ್ತಿದ್ದಾನೆ. ತಂದೆಯವರ ಕೈಯ ಕಟ್ಟು ಬಿಚ್ಚಲು ಇನ್ನೂ ಎರಡು ವಾರವಿದೆ.