ಶಂಬೂಕನ ಪ್ರಶ್ನೆಗೆ ಉತ್ತರವೆಲ್ಲಿ?

ದೇವಳಾಲಿ ಕ್ಯಾಂಪಿನ ನಮ್ಮ ವಾಚನ ಕೂಟದಲ್ಲಿ ಕುವೆಂಪು ಅವರ ‘ಶೂದ್ರ ತಪಸ್ವಿ’ ನಾಟಕವನ್ನು ಓದಿದ್ದಕ್ಕೆ ಕೆಲವು ಆಸ್ತಿಕ ಬಂಧುಗಳು ಮುನಿಸಿಕೊಂಡಿದ್ದಾರೆ. ಬಾಯಲ್ಲಿ ಅಂದವರು ಹಲವರು, ಕಾಗದ ಬರೆದವರು ಇಬ್ಬರು. ಪಂಚವಟಿಯ ಮಗ್ಗುಲಲ್ಲಿ ಕುಳಿತು ರಾಮನನ್ನೇ ಪ್ರಶ್ನಿಸುವುದೇ? ಹೋಟೆಲಿನ ಮಾಣಿಗಳಿಗೆ ಶಾಸ್ತ್ರದ ಉಸಾಬರಿ ಏಕೆ? ಬೋನಸ್ಸು, ರಜೆ, ಪ್ರಾವಿಡೆಂಟ್ ಫಂಡು ಇಷ್ಟು ಸಾಲದೇ? ಇದು ಅವರ ಮಾತಿನ ಸಾರ. ಕಾಗದ ಬರೆದ ಇಬ್ಬರಿಗೂ ಮೊದಲು ವಂದನೆ. ಬೆನ್ನ ಹಿಂದೆ ಗೊಣಗದೆ ಬರೆದಿದ್ದಾರಲ್ಲ, ಅದು ದೊಡ್ಡದು. ಆದರೆ ಉತ್ತರ ಹೇಳದೆ ಬಿಡಲಾರೆ.

ಕೂಟಕ್ಕೆ ಬಾರದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಒಬ್ಬ ಬ್ರಾಹ್ಮಣನ ಮಗ ಅಕಾಲದಲ್ಲಿ ಸಾಯುತ್ತಾನೆ. ರಾಜ್ಯದಲ್ಲಿ ಎಲ್ಲೋ ಶೂದ್ರನೊಬ್ಬ ತಪಸ್ಸು ಮಾಡುತ್ತಿದ್ದಾನೆ, ಅದರಿಂದಲೇ ಈ ಸಾವು ಎಂದು ನಾರದರು ಹೇಳುತ್ತಾರೆ. ರಾಮ ವಿಮಾನವೇರಿ ಹುಡುಕುತ್ತಾನೆ. ಒಂದು ಸರೋವರದ ಬಳಿ ತಲೆಕೆಳಗಾಗಿ ತಪಸ್ಸು ಮಾಡುತ್ತಿದ್ದವನನ್ನು ಕಂಡು ‘ನೀನು ಯಾವ ವರ್ಣ?’ ಎಂದು ಕೇಳುತ್ತಾನೆ. ಅವನು ಸುಳ್ಳು ಹೇಳುವುದಿಲ್ಲ. ಶೂದ್ರ, ಹೆಸರು ಶಂಬೂಕ ಎನ್ನುತ್ತಾನೆ. ಮಾತು ಮುಗಿಯುವುದರೊಳಗೆ ತಲೆ ಬೀಳುತ್ತದೆ. ದೇವತೆಗಳು ಹೂಮಳೆ ಸುರಿಸುತ್ತಾರೆ, ಸತ್ತ ಹುಡುಗ ಏಳುತ್ತಾನೆ. ಕುವೆಂಪು 1944ರಲ್ಲಿ ಇದನ್ನೇ ಬೇರೆ ರೀತಿ ಬರೆದರು. ಪಾಪಿಯನ್ನು ಹುಡುಕಿ ಕೊಲ್ಲೆಂದು ರಾಮ ಬಿಟ್ಟ ಬ್ರಹ್ಮಾಸ್ತ್ರ ತಪಸ್ವಿಯನ್ನು ಮುಟ್ಟದೆ, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಬರುತ್ತದೆ. ಅವನು ತಪಸ್ವಿಗೆ ಕೈಮುಗಿದ ಮೇಲೆಯೇ ಉಳಿಯುತ್ತಾನೆ.

ಒಬ್ಬ ಬಂಧುಗಳು ಬರೆಯುತ್ತಾರೆ: ಉತ್ತರಕಾಂಡ ಆಮೇಲೆ ಸೇರಿಸಿದ್ದು, ಅದಕ್ಕೆ ರಾಮನನ್ನು ಹೊಣೆ ಮಾಡಬೇಡಿ. ಸರಿ, ಆ ಕಾಂಡ ತಡವಾಗಿ ಹುಟ್ಟಿದ್ದೆಂದು ಅನೇಕ ಪಂಡಿತರೂ ಹೇಳುತ್ತಾರೆ. ಬರೋಡದ ಪಂಡಿತರು ಹಸ್ತಪ್ರತಿಗಳನ್ನು ತಾಳೆ ನೋಡಿ ಅಚ್ಚು ಹಾಕಿಸಿದ ಆವೃತ್ತಿಯಲ್ಲಿ ಶಂಬೂಕನ ಕಥೆ ಉಳಿದೇ ಇದೆ, ಅದು ಬೇರೆ ಮಾತು. ಆದರೆ ಸ್ವಾಮಿ, ಈ ಮಾತನ್ನು ನಮಗೆ ಹೇಳಿ ಫಲವೇನು? 1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ಮಂದಿರದ ಬಾಗಿಲಲ್ಲಿ ಹೇಳಬೇಕಾಗಿತ್ತು. ಅಂದು ಡಾ. ಅಂಬೇಡ್ಕರರ ಮುಂದಾಳುತನದಲ್ಲಿ ಸಾವಿರಾರು ಅಸ್ಪೃಶ್ಯ ಬಂಧುಗಳು ರಾಮನ ದರ್ಶನ ಕೇಳಿಕೊಂಡು ಬಂದರು. ಶಾಸ್ತ್ರ ಒಪ್ಪದು, ಸಂಪ್ರದಾಯ ಒಪ್ಪದು ಎಂದು ನಾಲ್ಕೂ ಬಾಗಿಲು ಮುಚ್ಚಿದರು. ಗಂಡಸರು, ಹೆಂಗಸರು ಬಾಗಿಲ ಮುಂದೆ ಕುಳಿತರು. ರಾಮನವಮಿಯ ರಥದ ದಿನ ಕಲ್ಲುಗಳು ಬಿದ್ದವು. ದಾದಾಸಾಹೇಬ ಗಾಯಕವಾಡರಂಥವರು ವರ್ಷಗಟ್ಟಲೆ ಆ ಹೋರಾಟವನ್ನು ಹೊತ್ತರು. ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್ 13ರಂದು ಇದೇ ನಾಸಿಕ ಜಿಲ್ಲೆಯ ಯೇವಲೆಯಲ್ಲಿ, ಹಿಂದೂವಾಗಿ ಸಾಯುವುದಿಲ್ಲವೆಂದು ಅಂಬೇಡ್ಕರರು ಸಾರಿದರು. ಶಂಬೂಕ ಕೇಳಿದ್ದು ತಪಸ್ಸನ್ನು, ಇವರು ಕೇಳಿದ್ದು ದರ್ಶನವನ್ನು. ‘ಅದು ಪ್ರಕ್ಷಿಪ್ತ’ ಎಂದು ಹೇಳುವ ಆಸ್ತಿಕರು ಅಂದು ಬಾಗಿಲ ಬಳಿ ಗುಂಪಾಗಿ ನಿಂತಿದ್ದರೆ ಬೀಗ ಉಳಿಯುತ್ತಿತ್ತೇ?

ಇನ್ನೊಬ್ಬರದು ಜಾಣ ಮಾತು. ಶಂಬೂಕ ಎಂದರೆ ಅಹಂಕಾರದ ಸಂಕೇತವಂತೆ. ತಲೆ ತೆಗೆದದ್ದು ಎಂದರೆ ಅಹಂಕಾರ ಕಳೆದದ್ದಂತೆ. ಭಲೆ! ಹಾಗಾದರೆ ರಾಮನವಮಿಯ ಆ ಕಲ್ಲುಗಳೂ ಸಂಕೇತವೇ? ಸಂಕೇತಕ್ಕೆ ರಕ್ತ ಬರುತ್ತದೆಯೇ?

ಸಂಸ್ಕೃತ ಬಾರದವರು ಇದನ್ನೆಲ್ಲ ಮಾತಾಡಬಾರದು ಎಂಬುದು ಮೂರನೆಯ ಬಾಣ. ನಾನು ಓದಿದ್ದು ಮಿಡ್ಲ್ ಸ್ಕೂಲಿನ ತನಕ. ಸಂಸ್ಕೃತ ನನಗೆ ಬಾರದು, ನಿಜ. ಅಂಬೇಡ್ಕರರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯಬೇಕೆಂದಾಗ ಅವರ ಜಾತಿಗೆ ಅದು ಸಲ್ಲದೆಂದು ಪಾರ್ಸಿ ಭಾಷೆ ಓದಿಸಿದರು. ಕಲಿಯಬೇಡ ಎಂದವರೇ ಕಲಿತಿಲ್ಲವೆಂದು ಹಂಗಿಸುವುದು ಎಂಥ ನ್ಯಾಯ? ಸಂಸ್ಕೃತ ಬಂದವರೇನು ಸುಮ್ಮನಿದ್ದರೇ? ಎಂಟನೆಯ ಶತಮಾನದ ಭವಭೂತಿಗಿಂತ ದೊಡ್ಡ ಸಂಸ್ಕೃತ ಕವಿ ಬೇಕೇ? ಅವನ ‘ಉತ್ತರರಾಮಚರಿತ’ದಲ್ಲಿ ಶಂಬೂಕನ ಮೇಲೆ ಕತ್ತಿ ಎತ್ತಲು ರಾಮನ ಕೈಯೇ ಹಿಂಜರಿಯುತ್ತದೆ; ಸತ್ತ ಶಂಬೂಕ ದಿವ್ಯ ರೂಪದಲ್ಲಿ ಎದ್ದು ಬರುತ್ತಾನೆ. ಅದು ನಡೆಯುವುದು ಎಲ್ಲಿ ಗೊತ್ತೇ? ದಂಡಕಾರಣ್ಯದ ಜನಸ್ಥಾನದಲ್ಲಿ, ಎಂದರೆ ಇದೇ ಪಂಚವಟಿಯ ಕಡೆ. ನಮ್ಮ ಕನ್ನಡದ ನಾಗಚಂದ್ರ ಜೈನರ ದಾರಿ ಹಿಡಿದು ರಾವಣನನ್ನು ಲಕ್ಷ್ಮಣನ ಕೈಯಿಂದ ಕೊಲ್ಲಿಸಿದ. ಹಳೆಯ ಕಥೆಯನ್ನು ಪ್ರಶ್ನಿಸುವುದು ಯೂನಿಯನ್ನಿನವರು ಕಂಡುಹಿಡಿದದ್ದಲ್ಲ.

ಇನ್ನು ‘ಉಸಾಬರಿ ಏಕೆ’ ಎಂಬ ಮಾತು. ಸಂಗಾತಿಗಳೇ, ಶಾಸ್ತ್ರ ನಮ್ಮ ಉಸಾಬರಿಗೆ ಬರದೆ ಇದ್ದಿದ್ದರೆ ನಾವೂ ಅದರ ತಂಟೆಗೆ ಹೋಗುತ್ತಿರಲಿಲ್ಲ. ನಾನು ಕ್ಲೀನರಾಗಿದ್ದ ಒಂದು ಹೋಟೆಲಿನಲ್ಲಿ ಅಡಿಗೆಮನೆಯ ಹೊಸ್ತಿಲೇ ಲಕ್ಷ್ಮಣರೇಖೆ. ದೋಸೆ ಹುಯ್ಯುವುದನ್ನು ದೂರದಿಂದಲೇ ನೋಡಿ ಕಲಿತವನು ನಾನು. ಹೊಸ್ತಿಲ ಒಳಗಿನವನಿಗೂ ಹೊರಗಿನವನಿಗೂ ಸಂಬಳದಲ್ಲಿ ಎಷ್ಟು ಅಂತರವೆಂದು ಹೋಟೆಲಿನಲ್ಲಿ ದುಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೇಳಿದರೆ ಗಲ್ಲಾದಿಂದ ಬರುತ್ತಿದ್ದ ಉತ್ತರ ‘ಮಡಿ, ಶಾಸ್ತ್ರ’. ಗಿರಣಿಯವರ ಹಿರಿಯರನ್ನು ಕೇಳಿ. ಮುಂಬಯಿ ಗಿರಣಿಗಳ ನೇಯ್ಗೆ ಖಾತೆಯಲ್ಲಿ ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಿತ್ತು; ಎಂಜಲಾಗುತ್ತದೆಂದು ದಲಿತ ಕೆಲಸಗಾರರನ್ನು ಅಲ್ಲಿ ಸೇರಿಸುತ್ತಿರಲಿಲ್ಲ. ಹೆಚ್ಚು ಕೂಲಿ ಇದ್ದದ್ದು ಅಲ್ಲಿಯೇ! ಅದನ್ನು ತೆರೆಯಬೇಕೆಂದು 1928ರ ಮುಷ್ಕರದಲ್ಲಿ ಅಂಬೇಡ್ಕರರು ಪಟ್ಟು ಹಿಡಿಯಬೇಕಾಯಿತು, ಅದೂ ಮಾಲಿಕರ ಹತ್ತಿರ ಮಾತ್ರವಲ್ಲ, ಮುಷ್ಕರದ ಮುಖಂಡರ ಹತ್ತಿರವೂ. ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ ಅಂಗಡಿಯ ಜತೆಗೆ ಹೋಟೆಲೆಂಬ ಮಾತನ್ನು ಸುಮ್ಮನೆ ಬರೆದಿಲ್ಲ. ಶಾಸ್ತ್ರವೂ ಬೋನಸ್ಸೂ ಬೇರೆ ಬೇರೆ ಎನ್ನುವವರು ಮಜೂರಿಯ ಚೀಟಿಯನ್ನು ಸರಿಯಾಗಿ ಓದಿಲ್ಲ.

ಆಸ್ತಿಕರು ಹೇಗೆ ಉತ್ತರಿಸಬೇಕು ಎಂಬುದಕ್ಕೂ ಕನ್ನಡದಲ್ಲೇ ಉದಾಹರಣೆಯಿದೆ. ‘ಶೂದ್ರ ತಪಸ್ವಿ’ ಬಂದಾಗ ಮಾಸ್ತಿಯವರಿಗೆ ಅದು ಸರಿಬೀಳಲಿಲ್ಲ. ಹಳೆಯ ಕಥೆಯನ್ನು ಹೀಗೆ ತಿರುಗಿಸುವುದು ಒಳ್ಳೆಯದಲ್ಲವೆಂದು ಅವರು ಬರೆದರು. ಕುವೆಂಪು ಅಚ್ಚಿನಲ್ಲಿಯೇ ಉತ್ತರ ಕೊಟ್ಟರು. ನಾಟಕಕ್ಕೆ ಬೆಂಕಿ ಹಚ್ಚಿ ಎಂದು ಮಾಸ್ತಿ ಹೇಳಲಿಲ್ಲ, ಮಾಸ್ತಿಯ ಬಾಯಿ ಮುಚ್ಚಿಸಿ ಎಂದು ಕುವೆಂಪು ಹೇಳಲಿಲ್ಲ. ಮುಂದೆ ಇಬ್ಬರಿಗೂ ಜ್ಞಾನಪೀಠ ಬಂತು. ಅಂದ ಹಾಗೆ, ಆ ನಾಟಕ ಬರೆದ ಕೈಯೇ ‘ಶ್ರೀ ರಾಮಾಯಣ ದರ್ಶನಂ’ ಬರೆದದ್ದು. ಅದರಲ್ಲಿ ಸೀತೆಯ ಜತೆ ರಾಮನೂ ಬೆಂಕಿ ಹೊಗುತ್ತಾನೆ. ಅವರನ್ನು ರಾಮದ್ವೇಷಿ ಎನ್ನುವವರು ಎರಡನ್ನೂ ಓದಿಲ್ಲ.

ಈಚಿನದನ್ನು ನೋಡಿ. ಅಂಬೇಡ್ಕರರು ರಾಮ, ಕೃಷ್ಣರ ಬಗ್ಗೆ ಎತ್ತಿದ ಪ್ರಶ್ನೆಗಳನ್ನು ಮಹಾರಾಷ್ಟ್ರ ಸರಕಾರ 1987ರಲ್ಲಿ ಅಚ್ಚು ಹಾಕಿಸಿತು. ಪ್ರಶ್ನೆಗೆ ಉತ್ತರ ಬರೆದವರು ಎಷ್ಟು ಮಂದಿ? ಆ ಭಾಗವನ್ನು ತೆಗೆಯಿರಿ ಎಂದು ಕೂಗಿದವರೇ ಹೆಚ್ಚು. ದಲಿತರು 1988ರ ಆರಂಭದಲ್ಲಿ ಮುಂಬಯಿಯ ಬೀದಿಗಿಳಿದ ಮೇಲೆ ಅದು ಉಳಿಯಿತು, ಅದೂ ‘ಸರಕಾರ ಇದನ್ನೆಲ್ಲ ಒಪ್ಪಿದೆಯೆಂದಲ್ಲ’ ಎಂಬ ಅಡಿಟಿಪ್ಪಣಿಯ ಸಮೇತ. ಪುಣೆಯಲ್ಲಿ 2013ರಲ್ಲಿ ದಾಭೋಲ್ಕರ್, ಧಾರವಾಡದಲ್ಲಿ 2015ರಲ್ಲಿ ವಚನಗಳ ಸಂಶೋಧಕ ಕಲ್ಬುರ್ಗಿ, ಇಬ್ಬರೂ ಗುಂಡಿಗೆ ಬಲಿಯಾದರು. ಗುಂಡು ಹಾರಿಸಿದವನನ್ನು ಆಸ್ತಿಕನೆಂದು ನಾನು ಕರೆಯುವುದಿಲ್ಲ. ತನ್ನ ದೇವರು ಒಂದು ಪುಸ್ತಕಕ್ಕೆ ಹೆದರುತ್ತಾನೆಂದು ನಂಬಿದವನು ಅವನು.

ನಮ್ಮ ಕೂಟ ನಾಟಕವನ್ನು ಮತ್ತೆ ಓದುತ್ತದೆ. ಈ ಸಲ ರಾಮನವಮಿಯ ಮುಂಚಿನ ವಾರದ ರಜೆಯ ದಿನ, ರಾತ್ರಿ ಪಾಳಿಯವರಿಗೂ ಅನುಕೂಲವಾಗಲೆಂದು ಮಧ್ಯಾಹ್ನ ಮೂರಕ್ಕೆ. ಮಾಸ್ತಿಯವರ ಕಡೆಯ ವಾದವನ್ನು ಹೇಳಲು ಆಸ್ತಿಕ ಬಂಧುಗಳೇ ಒಬ್ಬರು ಮುಂದೆ ಬರಲಿ, ಅರ್ಧ ಗಂಟೆ ಅವರದು. ಕಾಗದ ಬರೆದ ಇಬ್ಬರಿಗೂ ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಬಿಡಿಸಿಟ್ಟಿದ್ದೇನೆ. ಒಂದೇ ಕೋರಿಕೆ: ಶಂಬೂಕ ಮಾಡಿದ ತಪ್ಪೇನು ಎಂಬುದನ್ನು ಮೊದಲ ಸಾಲಿನಲ್ಲಿಯೇ ಬರೆಯಿರಿ.