ಅರ್ಧ ಅಂಕ

ಈ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ‘ಎಲ್ಲ ವೃತ್ತಿಗಳೂ ಸ್ತ್ರೀಯರಿಗೆ ಸಲ್ಲುವುವು’ ಎಂಬ ವಿಷಯ ಬಂದಿದ್ದುದು ವಾಚಕರಿಗೆ ನೆನಪಿರಬಹುದು. ವಿರೋಧವಾಗಿ ಮಾತನಾಡಿದ ಮಿತ್ರರೊಬ್ಬರು ಕೊನೆಯಲ್ಲಿ ಒಂದು ಲೆಕ್ಕ ಮುಂದಿಟ್ಟರು. ಫಾರ್ಮುಲಾ ಒನ್ ಮೋಟಾರು ಪಂದ್ಯದ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ ಆರಂಭವಾಯಿತು. ಅಂದಿನಿಂದ ಇಂದಿನವರೆಗೆ ಇಡೀ ಸ್ತ್ರೀಕುಲ ಅದರಲ್ಲಿ ಗಳಿಸಿದ್ದು ಅರ್ಧ ಅಂಕ ಮಾತ್ರ! “ಒಂದೂ ಅಲ್ಲ, ಅರ್ಧ!” ಎಂದು ಅವರು ಬೆರಳನ್ನು ಅರ್ಧ ಮಡಿಸಿ ತೋರಿಸಿದಾಗ ಸಭೆಯೆಲ್ಲ ನಕ್ಕಿತು. ಮುಂದಿನ ಸಾಲಿನ ಅಧ್ಯಾಪಕರೂ ನಕ್ಕರು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು. ಉತ್ತರ ನನಗೆ ಆಗ ಹೊಳೆಯಲಿಲ್ಲ. ಬಹುಮಾನ ಅವರಿಗೆ ಹೋಯಿತು. ಈ ಪುಟಗಳು ನನಗೆ ಉಳಿದಿವೆ.

ಮಿತ್ರರ ಲೆಕ್ಕ ಸುಳ್ಳಲ್ಲ. ಆದರೆ ಭಾಗಾಕಾರದಲ್ಲಿ ಅವರು ಭಾಜಕವನ್ನು ಮರೆತರು. ಇಷ್ಟು ವರ್ಷಗಳಲ್ಲಿ ಏಳುನೂರಕ್ಕೂ ಮಿಕ್ಕಿ ಗಂಡಸರು ಆ ಪಂದ್ಯಗಳಲ್ಲಿ ಕಾರು ಓಡಿಸಿದ್ದಾರೆ. ಅವರಲ್ಲಿ ನೂರಾರು ಜನಕ್ಕೆ ಅರ್ಧ ಅಂಕವಿರಲಿ, ಕಾಲು ಅಂಕವೂ ದೊರೆತಿಲ್ಲ. ಹೆಂಗಸರಲ್ಲಿ ಹೆಸರು ಕೊಟ್ಟವರು ಐವರು, ಪಂದ್ಯದ ಗೆರೆಯಿಂದ ನಿಜವಾಗಿ ಹೊರಟವರು ಇಬ್ಬರೇ. ಮೊದಲನೆಯವಳು ನೇಪಲ್ಸಿನ ಮರಿಯಾ ತೆರೆಸಾ ದ ಫಿಲಿಪ್ಪಿಸ್. 1958ರಲ್ಲಿ ಬೆಲ್ಜಿಯಮಿನಲ್ಲಿ ಮಸೆರಾಟಿ ಕಾರು ಓಡಿಸಿ ಹತ್ತನೆಯವಳಾದಳು. ಅದೇ ವರ್ಷ ಫ್ರಾನ್ಸಿನ ಪಂದ್ಯದಲ್ಲಿ ಆಕೆಗೆ ಪ್ರವೇಶವೇ ಸಿಗಲಿಲ್ಲ. ಹೆಣ್ಣು ಧರಿಸಬೇಕಾದ ಶಿರಸ್ತ್ರಾಣವೆಂದರೆ ಕೂದಲು ಒಣಗಿಸುವ ಅಂಗಡಿಯದು ಮಾತ್ರ ಎಂದು ಅಲ್ಲಿನ ಮುಖ್ಯಸ್ಥರು ಹೇಳಿದರೆಂದು ಆಕೆಯೇ ಮುಂದೆ ಹೇಳಿಕೊಂಡಿದ್ದಾಳೆ. ನಮ್ಮ ಚರ್ಚಾಕೂಟದ ಹಾಸ್ಯಕ್ಕೆ ಪೂರ್ವಿಕರಿದ್ದಾರೆಂದಾಯಿತು.

ಎರಡನೆಯವಳೇ ಆ ಅರ್ಧ ಅಂಕದ ಒಡತಿ, ಲೆಲ್ಲಾ ಲೊಂಬಾರ್ಡಿ. 1941ರಲ್ಲಿ ಇಟಲಿಯ ಪೀಡ್ಮಾಂಟ್ ಪ್ರಾಂತದ ಫ್ರುಗರೋಲೊ ಎಂಬ ಹಳ್ಳಿಯಲ್ಲಿ ಹುಟ್ಟಿದವಳು. ತಂದೆ ಕಟುಕರು, ಮಾಂಸದ ವ್ಯಾಪಾರ. ಈಕೆ ಚಕ್ರ ಹಿಡಿದು ಕಲಿತದ್ದು ಮಾಂಸ ಸಾಗಿಸುವ ಮನೆಯ ವ್ಯಾನಿನಲ್ಲಿ. ಮೋಟಾರು ಪಂದ್ಯವೆಂದರೆ ಸಿರಿವಂತರ ಆಟ. ಸ್ವಂತ ಕಾರಿಲ್ಲದವನನ್ನು ಯಾರೂ ಕರೆಯುವುದಿಲ್ಲ. ಫಾರ್ಮುಲಾ ಮೊಂಜಾದಂಥ ಸಣ್ಣ ಪಂದ್ಯಗಳಿಂದ ಮೇಲೇರಲು ಆಕೆಗೆ ಹತ್ತು ವರ್ಷ ಹಿಡಿಯಿತು. 1974ರಲ್ಲಿ ಇಂಗ್ಲೆಂಡಿನ ಬ್ರಾಂಡ್ಸ್ ಹ್ಯಾಚ್‌ನಲ್ಲಿ ಮೊದಲ ಯತ್ನ. ಖರ್ಚು ವಹಿಸಿದ್ದು ರೇಡಿಯೋ ಲಕ್ಸಂಬರ್ಗ್, ಆದುದರಿಂದ ಆ ನಿಲಯದ 208 ಮೀಟರ್ ತರಂಗಾಂತರವೇ ಕಾರಿನ ಸಂಖ್ಯೆ! ಅರ್ಹತೆ ದೊರೆಯಲಿಲ್ಲ. ಮರು ವರ್ಷ ಲವಾಜ್ಜಾ ಕಾಫಿಯವರ ಹಣದಿಂದ ಮಾರ್ಚ್ ಎಂಬ ಇಂಗ್ಲಿಷ್ ತಂಡದ ಕಾರು ಸಿಕ್ಕಿತು.

1975ರ ಏಪ್ರಿಲ್ 27, ಬಾರ್ಸಿಲೋನಾ ನಗರದ ಮೊಂಜುಯಿಕ್ ಗುಡ್ಡ. ದಾರಿಯಂಚಿನ ಉಕ್ಕಿನ ತಡೆಗಳ ಬೋಲ್ಟುಗಳು ಸರಿಯಾಗಿ ಬಿಗಿಯಾಗಿಲ್ಲವೆಂದು ಚಾಲಕರು ಅಭ್ಯಾಸಕ್ಕೇ ಇಳಿಯದೆ ಪ್ರತಿಭಟಿಸಿದರು. ತಂಡಗಳ ಮೆಕ್ಯಾನಿಕ್ಕರೇ ಸ್ಪ್ಯಾನರ್ ಹಿಡಿದು ತಿರುಪು ಬಿಗಿಯಬೇಕಾಯಿತು. ಹಿಂದಿನ ವರ್ಷದ ಚಾಂಪಿಯನ್ ಫಿಟಿಪಾಲ್ಡಿ ಓಡಿಸಲೊಲ್ಲೆನೆಂದು ಹೊರಟೇಹೋದರು. ಲೊಂಬಾರ್ಡಿ ಹೊರಟದ್ದು 24ನೆಯ ಸ್ಥಾನದಿಂದ. ಮೊದಲ ಸುತ್ತಿನಲ್ಲೇ ಫೆರಾರಿ ಕಾರುಗಳು ಅಪಘಾತಕ್ಕೀಡಾದುವು. ಇಪ್ಪತ್ತಾರನೆಯ ಸುತ್ತಿನಲ್ಲಿ ಮುಂದಾಳಾಗಿದ್ದ ಸ್ಟೊಮ್ಮೆಲೆನ್‌ನ ಕಾರಿನ ಹಿಂದಿನ ರೆಕ್ಕೆ ಮುರಿದು, ಕಾರು ತಡೆಯನ್ನು ಹಾರಿತು; ಆಚೆ ನಿಂತಿದ್ದ ಕೆಲವರು ಪ್ರಾಣ ಬಿಟ್ಟರು. 75 ಸುತ್ತುಗಳ ಪಂದ್ಯ 29ಕ್ಕೆ ನಿಂತಿತು. ಆಗ ಆಕೆ ಆರನೆಯ ಸ್ಥಾನದಲ್ಲಿದ್ದಳು. ಆರನೆಯವರಿಗೆ ಒಂದು ಅಂಕ. ಪಂದ್ಯ ಪೂರ್ತಿಯಾಗಲಿಲ್ಲವಾದ್ದರಿಂದ ಎಲ್ಲರಿಗೂ ಅರ್ಧರ್ಧ. ಗೆದ್ದ ಯೋಖೆನ್ ಮಾಸ್‌ಗೂ ಒಂಬತ್ತರ ಬದಲು ನಾಲ್ಕೂವರೆ. ಅವನ ಗೆಲುವನ್ನು ಅರ್ಧ ಗೆಲುವೆಂದು ಯಾರೂ ಬೆರಳು ಮಡಿಸಿ ತೋರಿಸಿದ್ದನ್ನು ನಾನು ಕೇಳಿಲ್ಲ.

ಅದು ಅದೃಷ್ಟವೆನ್ನುವವರಿದ್ದಾರೆ. ಮುಂದಿದ್ದವರು ಬಿದ್ದರು, ಈಕೆ ಉಳಿದಳು, ಅಷ್ಟೆ. ಗೆದ್ದವನಿಗಿಂತ ಎರಡು ಸುತ್ತು ಹಿಂದಿದ್ದಳು ಎಂಬುದೂ ದಿಟ. ಆದರೆ ಅಂಥ ದಾರಿಯಲ್ಲಿ, ಅಂಥ ದಿನ, ಕಾರನ್ನು ದಾರಿಯ ಮೇಲೆಯೇ ಇಟ್ಟುಕೊಳ್ಳುವುದು ಚಾಲಕನ ಕೆಲಸವಲ್ಲದೆ ಇನ್ನಾರ ಕೆಲಸ? ಅದೇ ವರ್ಷ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಆಕೆ ಏಳನೆಯವಳಾದಳು. ಒಂದು ಸುತ್ತಿಗೆ ಸುಮಾರು 23 ಕಿಲೋಮೀಟರ್, ಕಾಡು, ಇಳಿಜಾರು, ಲೆಕ್ಕವಿಲ್ಲದ ತಿರುವುಗಳು. ಅಂಕ ಒಂದೇ ಸ್ಥಾನದಿಂದ ತಪ್ಪಿತು.

ನನ್ನ ಮನಸ್ಸನ್ನು ಹಿಡಿದದ್ದು ಬೇರೊಂದು ಸಂಗತಿ. ಕಾರು ತಿರುವಿನಲ್ಲಿ ಸರಿಯಾಗಿ ತಿರುಗುವುದಿಲ್ಲವೆಂದು ಆಕೆ ತಂಡದವರಿಗೆ ಮತ್ತೆ ಮತ್ತೆ ಹೇಳುತ್ತಿದ್ದಳಂತೆ. ಅದು ಕಾರಿನ ದೋಷವಲ್ಲ, ಓಡಿಸುವವಳದೆಂದು ಅವರು ತಿಳಿದರು. 1976ರಲ್ಲಿ, ಬ್ರೆಜಿಲ್ ಪಂದ್ಯವೊಂದರ ಬಳಿಕ, ಆಕೆಯ ಜಾಗ ಸ್ವೀಡನ್ನಿನ ಹೆಸರಾಂತ ಚಾಲಕ ರೋನಿ ಪೀಟರ್‌ಸನ್‌ಗೆ ಹೋಯಿತು. ಪೀಟರ್‌ಸನ್ನೂ ಅದೇ ದೂರು ಹೇಳಿದ. ಆಗ ಬಿಚ್ಚಿ ನೋಡಿದರೆ ಹಿಂಭಾಗದ ಎರಕದ ಚೌಕಟ್ಟಿನಲ್ಲಿ ಬಿರುಕು! ಇದನ್ನು ಹೇಳಿಕೊಂಡವರು ಆ ತಂಡದವರೇ. ಆ ಹೊತ್ತಿಗೆ ಆಕೆ ಬೇರೆ ತಂಡದ ಕಾರಿಗಾಗಿ ಅಲೆಯುತ್ತಿದ್ದಳು. ಆ ವರ್ಷದ ಆಸ್ಟ್ರಿಯಾ ಪಂದ್ಯವೇ ಆಕೆಯ ಕೊನೆಯ ಫಾರ್ಮುಲಾ ಒನ್.

ಇದನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ಕಾರಣ ಹೇಳುತ್ತೇನೆ. ನಮ್ಮ ತಂದೆಯವರು ಹಳೆಯ ಲಗೇಜು ಟೆಂಪೋದಲ್ಲಿ ಹಳ್ಳಿಯ ತರಕಾರಿಯನ್ನು ಮಾರುಕಟ್ಟೆಗೆ ಸಾಗಿಸಿ ಜೀವನ ನಡೆಸುವವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನನ್ನ ಫೀಜೂ ಪುಸ್ತಕವೂ ಆ ಟೆಂಪೋದಿಂದಲೇ ಬಂದುವು. ಎರಡು ವರ್ಷದ ಹಿಂದೆ ಅಪ್ಪನಿಗೆ ಕಣ್ಣಿನ ಪೊರೆ ಬಂದಾಗ ನಾನು ಲೈಸೆನ್ಸು ಪಡೆದು ಬೆಳಗಿನ ಜಾವದ ಲೋಡು ಹೊಡೆದು ಬಂದು, ಹತ್ತು ಗಂಟೆಗೆ ಇತಿಹಾಸದ ತರಗತಿಗೆ ಕೂರುತ್ತಿದ್ದೆ. (ಕೊನೆಯ ಬೆಂಚಿನಲ್ಲಿ ನಾನು ತೂಕಡಿಸಿದ್ದನ್ನು ಕಂಡ ಅಧ್ಯಾಪಕರು ಈಗಲಾದರೂ ಕ್ಷಮಿಸಬೇಕು.) ಒಂದು ದಿನ ಬ್ರೇಕು ಹಾಕಿದರೆ ಗಾಡಿ ಎಡಕ್ಕೆ ಎಳೆಯತೊಡಗಿತು. ಗ್ಯಾರೇಜಿಗೆ ಹೋಗಿ ಹೇಳಿದೆ. “ಯಾಕಮ್ಮಾ, ಮನೇಲಿ ಗಂಡಸರು ಯಾರೂ ಇಲ್ವಾ?” ಎಂದರು. ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿಯಲು ಹೇಳಿ ಕಳುಹಿಸಿದರು. ಎರಡನೆಯ ಸಲವೂ ಅದೇ ಉಪದೇಶ. ನಾಲ್ಕನೆಯ ದಿನ ಕೋಸಿನ ಲೋಡಿನೊಂದಿಗೆ ಹಳ್ಳದ ಸೇತುವೆಯ ಬಳಿ ಗಾಡಿ ಅಡ್ಡ ತಿರುಗಿತು. ಕಟ್ಟೆಗೆ ತಗುಲಿ ನಿಂತಿತಾಗಿ ನಾನು ಉಳಿದೆ. ಆಮೇಲೆ ಚಿಕ್ಕಪ್ಪ ಹೋಗಿ ನಾನು ಹೇಳಿದ ಮಾತನ್ನೇ ಹೇಳಿದರು. ಚಕ್ರ ಬಿಚ್ಚಿದರು, ಬಲಗಡೆಯ ವೀಲ್ ಸಿಲಿಂಡರು ಸೋರುತ್ತಿತ್ತು.

ಆದುದರಿಂದ ಚರ್ಚಾಕೂಟದ ಮಿತ್ರರಿಗೆ ನನ್ನ ಉತ್ತರವಿಷ್ಟು. ಹೆಣ್ಣಿಗೆ ಕಾರು ಓಡಿಸಲು ಬರುವುದೇ ಎಂಬ ಪ್ರಶ್ನೆ ಎಂದೋ ತೀರಿದೆ. ದಕ್ಷಿಣ ಆಫ್ರಿಕಾದ ಡೆಸಿರೆ ವಿಲ್ಸನ್ 1980ರಲ್ಲಿ ಬ್ರಿಟನ್ನಿನ ಫಾರ್ಮುಲಾ ಒನ್ ಸರಣಿಯ ಪಂದ್ಯವೊಂದನ್ನು ಗಂಡಸರೆದುರೇ ಗೆದ್ದಳು. ಅದು ವಿಶ್ವ ಚಾಂಪಿಯನ್‌ಷಿಪ್‌ಗೆ ಸೇರಿರಲಿಲ್ಲವಾಗಿ ನಮ್ಮ ಮಿತ್ರರ ಲೆಕ್ಕಕ್ಕೆ ಬರಲಿಲ್ಲ. ಲೊಂಬಾರ್ಡಿಯೂ ಸುಮ್ಮನೆ ಕೂರದೆ ಸ್ಪೋರ್ಟ್ಸ್ ಕಾರುಗಳಿಗೆ ತಿರುಗಿದಳು. 1979ರಲ್ಲಿ ಪೆರ್ಗುಸಾದ ಆರು ಗಂಟೆಗಳ ಪಂದ್ಯವನ್ನೂ 1981ರಲ್ಲಿ ಮುಜೆಲ್ಲೊದ ಆರು ಗಂಟೆಗಳ ಪಂದ್ಯವನ್ನೂ ಜೊತೆ ಚಾಲಕರೊಂದಿಗೆ ಗೆದ್ದಳು. ಪ್ರಶ್ನೆ ಇರುವುದು, ಯಂತ್ರದ ಬಗ್ಗೆ ಹೆಣ್ಣು ಹೇಳಿದ ಮಾತನ್ನು ಸ್ಪ್ಯಾನರ್ ಹಿಡಿದವರು ನಂಬುವರೇ ಎಂಬುದರಲ್ಲಿ. ಈಚೆಗೆ, 2023ರಿಂದ, ಎಫ್ ಒನ್ ಅಕಾಡೆಮಿ ಎಂಬ ಹೆಂಗಸರದೇ ಸರಣಿ ನಡೆಯುತ್ತಿದೆ. ಪ್ರತ್ಯೇಕ ಪಂದ್ಯ ನನಗೆ ಪೂರ್ತಿ ಒಪ್ಪಿಗೆಯಲ್ಲ. ಆದರೆ ಹುಡುಗಿ ದೂರು ಹೇಳಿದೊಡನೆ ಅಲ್ಲಿ ಕಾರನ್ನು ಬಿಚ್ಚಿ ನೋಡುತ್ತಾರೆಂದಾದರೆ ಅಷ್ಟರಮಟ್ಟಿಗೆ ಅದು ಇರಲಿ.

1992ರ ಮಾರ್ಚ್ 1ರಂದು ಇಟಲಿಯ ಇನ್ನೊಬ್ಬಾಕೆ, ಜೊವಾನ್ನಾ ಅಮಾಟಿ ಯತ್ನಿಸಿದ ಮೊದಲ ಫಾರ್ಮುಲಾ ಒನ್ ಪಂದ್ಯ ದಕ್ಷಿಣ ಆಫ್ರಿಕಾದಲ್ಲಿ ನಡೆಯಿತು. ಆಕೆಗೆ ಅರ್ಹತೆ ದೊರೆಯಲಿಲ್ಲ. ಎರಡು ದಿನಗಳ ಬಳಿಕ ಲೊಂಬಾರ್ಡಿ ಕ್ಯಾನ್ಸರಿನಿಂದ ಮಿಲಾನಿನಲ್ಲಿ ತೀರಿಕೊಂಡಳು. ಆಗ ಆಕೆಗೆ ಐವತ್ತು. ಅಮಾಟಿಯ ತರುವಾಯ ಯಾವ ಹೆಣ್ಣೂ ಆ ಪಂದ್ಯಕ್ಕೆ ಹೆಸರು ಕೊಟ್ಟಿಲ್ಲ.

ನಮ್ಮ ಟೆಂಪೋ ಈಗ ನೆಟ್ಟಗೆ ನಿಲ್ಲುತ್ತದೆ. ಅಪ್ಪನ ಕಣ್ಣೂ ಸರಿಹೋಗಿದೆ. ಆದರೂ ಪರೀಕ್ಷೆ ಇಲ್ಲದ ದಿನ ಚಕ್ರ ನನ್ನ ಕೈಯಲ್ಲೇ. ರಿಪೇರಿಯ ಬಿಲ್ಲನ್ನು ನಾನೇ ಕಟ್ಟಿದೆ. ರಸೀದಿಯನ್ನು ಚಿಕ್ಕಪ್ಪನ ಹೆಸರಿನಲ್ಲಿ ಬರೆದುಕೊಟ್ಟರು.